ಮೂರನೆಯವರ ಕೈಯಲ್ಲಿ ನಮ್ಮ ಮಾತು

(ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಶೇಷ ಉಪನ್ಯಾಸದ ಪಾಠ. ಉಪನ್ಯಾಸಕಿಯವರು ಭಾರತದ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ, ಅನಂತರ ಅಮೆರಿಕಕ್ಕೆ ಬಂದು ದೂರಸಂಪರ್ಕ ಕ್ಷೇತ್ರದಲ್ಲಿ ದುಡಿದು ನಿವೃತ್ತರಾದವರು. ಅವರ ಕೋರಿಕೆಯಂತೆ ಹೆಸರನ್ನು ಪ್ರಕಟಿಸಿಲ್ಲ. – ಸಂ.)



ರಾಜ್ಯೋತ್ಸವದ ವೇದಿಕೆಗೆ ಬಂದವರು ಪಂಪನಿಂದ ಮಾತು ತೊಡಗಿ ಕುವೆಂಪು, ಬೇಂದ್ರೆಯವರಲ್ಲಿ ನಿಲ್ಲಿಸುವುದು ವಾಡಿಕೆ. ನಾನು ಸಾಹಿತಿಯಲ್ಲ. ನಿಮ್ಮ ಕಾರ್ಯದರ್ಶಿಗಳು ದೂರವಾಣಿಯಲ್ಲಿ ಮಾತನಾಡಿ, "ಈಗ ಎಲ್ಲರ ಮನೆಯ ಮಾತೂ ವಾಟ್ಸ್‌ಆಪಿನಲ್ಲೇ ನಡೆಯುತ್ತಿದೆ, ಅದು ಎಷ್ಟರಮಟ್ಟಿಗೆ ಗುಟ್ಟಾಗಿ ಉಳಿಯುತ್ತದೆ ಎಂಬುದು ನಮಗಾರಿಗೂ ಸರಿಯಾಗಿ ತಿಳಿಯದು, ನೀವು ಅದೇ ಕ್ಷೇತ್ರದಲ್ಲಿ ಇದ್ದವರು, ಬಂದು ನಾಲ್ಕು ಮಾತು ಹೇಳಬೇಕು" ಎಂದು ಕೇಳಿದಾಗ ಒಲ್ಲೆನೆನ್ನಲು ಆಗಲಿಲ್ಲ. ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮಾತಿನ ನಡುವೆ ಅರಿಕೆ ಮಾಡಿಕೊಳ್ಳುತ್ತೇನೆ.

1976ರಲ್ಲಿ, ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕೆಲಸಕ್ಕೆ ಸೇರಿದೆ. ಇಲ್ಲಿರುವ ಹಿರಿಯರಿಗೆ ಟ್ರಂಕ್ ಕಾಲ್ ಎಂಬುದರ ನೆನಪು ಇರಬಹುದು, ಕಿರಿಯರಿಗಾಗಿ ವಿವರಿಸುತ್ತೇನೆ. ಬೇರೆ ಊರಿನವರೊಡನೆ ಮಾತನಾಡಬೇಕಾದರೆ ಆಗ ಎಕ್ಸ್‌ಚೇಂಜಿಗೆ ತಿಳಿಸಿ, ಕರೆಯನ್ನು ಬುಕ್ ಮಾಡಿ, ಗಂಟೆಗಟ್ಟಲೆ ಕಾಯಬೇಕಾಗಿತ್ತು. ಸಾಧಾರಣ ಕರೆ, ಅರ್ಜೆಂಟ್ ಕರೆ, ಅದಕ್ಕೂ ಮೇಲೆ ಲೈಟ್ನಿಂಗ್ ಕರೆ ಎಂಬ ಶ್ರೇಣಿಗಳಿದ್ದವು. ಇಂಥವರೇ ಬಂದು ಮಾತನಾಡಬೇಕೆಂದರೆ ಅದು ಪಿ.ಪಿ. ಕಾಲ್. ಎದುರಿನ ಹಲಗೆಯ ರಂಧ್ರಗಳಿಗೆ ಹುರಿಯ ತುದಿಗಳನ್ನು ಸಿಕ್ಕಿಸಿ ನಾವು ಎರಡು ಊರುಗಳನ್ನು ಜೋಡಿಸುತ್ತಿದ್ದೆವು. ಕೀಲಿಯೊಂದನ್ನು ಒತ್ತಿದರೆ ಇಬ್ಬರ ಮಾತೂ ನಮ್ಮ ಕಿವಿಗೆ ಬೀಳುತ್ತಿತ್ತು. ಕೇಳಬಾರದೆಂಬುದು ಇಲಾಖೆಯ ನಿಯಮ. ನಿಯಮವನ್ನು ನಾವೆಲ್ಲರೂ ಎಲ್ಲ ಕಾಲದಲ್ಲಿಯೂ ಪಾಲಿಸಿದೆವೆಂದು ಈ ವಯಸ್ಸಿನಲ್ಲಿ ಸುಳ್ಳು ಹೇಳಲಾರೆ.

ಆದರೆ ನಾನಿಂದು ಪ್ರಸ್ತಾಪಿಸಬೇಕೆಂದಿರುವುದು ಕದ್ದು ಕೇಳಿದ ಮಾತನ್ನಲ್ಲ. ಪ್ರತಿಯೊಂದು ಕರೆಗೂ ನಾವು ಒಂದು ಚೀಟಿ ಬರೆಯಬೇಕಾಗಿತ್ತು. ಯಾವ ನಂಬರಿನಿಂದ, ಯಾವ ಊರಿನ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬಷ್ಟೇ ಅದರಲ್ಲಿರುತ್ತಿತ್ತು. ಆಡಿದ ಮಾತು ಒಂದಕ್ಷರವೂ ಇರುತ್ತಿರಲಿಲ್ಲ. ಹಾಗಿದ್ದರೂ ಸಂಜೆ ಆ ಚೀಟಿಗಳನ್ನು ಜೋಡಿಸಿ ದಾರ ಕಟ್ಟುವಾಗ ಊರಿನ ಅರ್ಧ ಕಥೆ ಕಣ್ಣ ಮುಂದೆ ಬರುತ್ತಿತ್ತು. ಜವಳಿ ಅಂಗಡಿಯ ಯಜಮಾನರು ವಾರಕ್ಕೆ ಮೂರು ಬಾರಿ ಬೆಂಗಳೂರಿನ ವಕೀಲರೊಬ್ಬರಿಗೆ ಕರೆ ಮಾಡುತ್ತಿದ್ದಾರೆಂದರೆ ಅಣ್ಣತಮ್ಮಂದಿರ ಆಸ್ತಿ ಪಾಲಿನ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತೆಂದು ಅರಿಯಲು ಮಾತನ್ನು ಕೇಳಬೇಕೆ? ಮೇಷ್ಟರ ಮನೆಯಿಂದ ರಾತ್ರಿ ಹನ್ನೊಂದಕ್ಕೆ ವೆಲ್ಲೂರಿನ ಆಸ್ಪತ್ರೆಗೆ ಲೈಟ್ನಿಂಗ್ ಕಾಲ್ ಹೋಯಿತು. ಮರುದಿನ ಬೆಳಿಗ್ಗೆ ನೆಂಟರೂರುಗಳಿಗೆ ಆರು ಕರೆಗಳು ಹೋದವು. ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ. ಈ ಚೀಟಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಅದರ ಬಳಿಗೆ ಬರಬೇಕಾಗುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಮೊಬೈಲನ್ನು ತಯಾರಿಸಿದ ಸಂಸ್ಥೆ ಒಂದು, ಅದಕ್ಕೆ ಸಂಪರ್ಕ ಒದಗಿಸುವ ದೂರವಾಣಿ ಸಂಸ್ಥೆ ಮತ್ತೊಂದು. ಈ ಎರಡಕ್ಕೂ ಸೇರದ ಮೂರನೆಯವರೊಬ್ಬರ ತಂತ್ರಾಂಶವನ್ನು ನಾವಾಗಿಯೇ ಇಳಿಸಿಕೊಂಡು ಅದರ ಮೂಲಕ ಮಾತನಾಡುತ್ತೇವೆ. ವಾಟ್ಸ್‌ಆಪ್, ಸಿಗ್ನಲ್, ಟೆಲಿಗ್ರಾಂ ಇವೆಲ್ಲ ಆ ಬಗೆಯವು. ಆರು ಕಿವಿಗೆ ಬಿದ್ದ ಮಾತು ಗುಟ್ಟಾಗಿ ಉಳಿಯದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಿರುವಾಗ ಗುಟ್ಟಿನ ಮಾತಿಗೆ ಮೂರನೆಯವರನ್ನು ನಂಬುವುದು ವಿಚಿತ್ರವೆಂದೇ ತೋರಬಹುದು. ಆದರೆ ಇಲ್ಲಿ ಮೊದಲಿನ ಇಬ್ಬರಿಗಿಂತ ಮೂರನೆಯವರೇ ಮೇಲಾಗುವ ಸಂದರ್ಭಗಳುಂಟು. ಸಾಧಾರಣ ಎಸ್‌.ಎಂ.ಎಸ್. ಸಂದೇಶ ಅಂಚೆ ಕಾರ್ಡಿನಂತೆ. ದೂರವಾಣಿ ಸಂಸ್ಥೆಯ ಒಳಗೆ ಅದನ್ನು ಓದಬಹುದು. ಚೀನಾದೊಡನೆ ಸಂಬಂಧವುಳ್ಳ ಕಳ್ಳರ ಗುಂಪೊಂದು ಈ ದೇಶದ ದೊಡ್ಡ ದೊಡ್ಡ ದೂರವಾಣಿ ಸಂಸ್ಥೆಗಳ ಒಳಹೊಕ್ಕಿರುವುದು 2024ರಲ್ಲಿ ಬೆಳಕಿಗೆ ಬಂದಾಗ, ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸರಕಾರದ ಅಧಿಕಾರಿಗಳೇ ಗೂಢಲಿಪಿಯ ರಕ್ಷಣೆಯಿರುವ ಸಂದೇಶ ತಂತ್ರಾಂಶಗಳನ್ನು ಬಳಸಿರೆಂದು ಸಲಹೆ ಕೊಟ್ಟರು.

ಗೂಢಲಿಪಿ ಎಂದೆ. ಅದರ ಗಣಿತಕ್ಕೆ ಇಲ್ಲಿ ಹೋಗುವುದಿಲ್ಲ, ತತ್ತ್ವ ಮಾತ್ರ ಸರಳವಾದುದು. ನೀವು ಬಾಯಿ ತೆರೆದಿರುವ ಬೀಗಗಳನ್ನು ಊರಿಗೆಲ್ಲ ಹಂಚುತ್ತೀರಿ, ಬೀಗದ ಕೈಯನ್ನು ಮಾತ್ರ ನಿಮ್ಮ ಸೆರಗಿನಲ್ಲಿ ಕಟ್ಟಿಕೊಂಡಿರುತ್ತೀರಿ. ನಿಮಗೆ ಏನನ್ನಾದರೂ ಕಳುಹಿಸುವವರು ಪೆಟ್ಟಿಗೆಯಲ್ಲಿಟ್ಟು ನಿಮ್ಮ ಬೀಗವನ್ನೇ ಒತ್ತಿ ಹಾಕುತ್ತಾರೆ. ಹಾಕಿದ ಮೇಲೆ ಕಳುಹಿಸಿದವರೂ ಅದನ್ನು ತೆಗೆಯಲಾರರು, ಹೊತ್ತು ತಂದವನೂ ತೆಗೆಯಲಾರ. ಬೀಗದ ಕೈ ನಿಮ್ಮ ಮೊಬೈಲಿನ ಒಳಗಲ್ಲದೆ ಬೇರೆಲ್ಲಿಯೂ ಇಲ್ಲ. ವಾಟ್ಸ್‌ಆಪ್ 2016ರ ಏಪ್ರಿಲಿನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಈ ವ್ಯವಸ್ಥೆಯನ್ನು ಕಲ್ಪಿಸಿತು. ಅದಕ್ಕೆ ಬಳಸಿದ್ದು ಸಿಗ್ನಲ್‌ನವರು ರೂಪಿಸಿದ ವಿಧಾನವನ್ನೇ. ಆದುದರಿಂದ "ದಾರಿಯಲ್ಲಿ ಯಾರಾದರೂ ಓದುತ್ತಾರೆಯೇ?" ಎಂಬ ಪ್ರಶ್ನೆಗೆ ಎರಡರ ಉತ್ತರವೂ ಒಂದೇ: ಓದಲಾರರು. ನಲವತ್ತು ವರ್ಷ ತಂತಿಗಳ ನಡುವೆ ಕಳೆದವಳಾಗಿ ಈ ಬೀಗದ ಬಗ್ಗೆ ನನಗೆ ಗೌರವವಿದೆ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ಚೀಟಿ. ಪೆಟ್ಟಿಗೆಯೊಳಗೆ ಏನಿದೆಯೆಂದು ವಾಟ್ಸ್‌ಆಪಿಗೆ ತಿಳಿಯದಿದ್ದರೂ ಯಾರು ಯಾರಿಗೆ ಯಾವಾಗ ಕಳುಹಿಸಿದರು, ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದು ಅದರ ಕಣ್ಣಿಗೆ ಬೀಳಬಲ್ಲದು. 2014ರಲ್ಲಿ ಸುಮಾರು 1,900 ಕೋಟಿ ಡಾಲರು ಕೊಟ್ಟು ವಾಟ್ಸ್‌ಆಪನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡ ಫೇಸ್‌ಬುಕ್ ಸಂಸ್ಥೆ ನಡೆಯುವುದು ಜಾಹೀರಾತಿನ ಹಣದಿಂದ. ನಮ್ಮ ಎಕ್ಸ್‌ಚೇಂಜಿನ ಚೀಟಿಗಳಾದರೂ ಬಿಲ್ಲಿನ ಲೆಕ್ಕ ಮುಗಿದ ಮೇಲೆ ಕಟ್ಟು ಸೇರುತ್ತಿದ್ದವು! ಸಿಗ್ನಲ್ ಲಾಭರಹಿತ ಸಂಸ್ಥೆಯೊಂದರ ಆಶ್ರಯದಲ್ಲಿದೆ. 2018ರಲ್ಲಿ ಆ ಪ್ರತಿಷ್ಠಾನಕ್ಕೆ ಐದು ಕೋಟಿ ಡಾಲರು ಕೊಟ್ಟು ನಿಲ್ಲಿಸಿದವರು ವಾಟ್ಸ್‌ಆಪಿನ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಆಕ್ಟನ್ ಅವರೇ ಎಂಬುದು ಗಮನಾರ್ಹ. 2016ರಲ್ಲಿ ವರ್ಜೀನಿಯದ ಗ್ರ್ಯಾಂಡ್ ಜ್ಯೂರಿಯೊಂದು ಇಬ್ಬರು ಬಳಕೆದಾರರ ವಿವರಗಳನ್ನೆಲ್ಲ ಒಪ್ಪಿಸಬೇಕೆಂದು ಸಿಗ್ನಲ್‌ಗೆ ಆಜ್ಞೆ ಕಳುಹಿಸಿದಾಗ, ಅವರ ಬಳಿ ಕೊಡಲು ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ಕಾಲ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಚೀಟಿಯನ್ನೇ ಬರೆಯದ ಆಪರೇಟರನ್ನು ಯಾರು ಬೆದರಿಸಿ ಏನು ಪಡೆಯಬಹುದು?

ಟೆಲಿಗ್ರಾಂ ಬಗ್ಗೆ ಒಂದು ಎಚ್ಚರಿಕೆ. ಇದು ಬಹಳ ಗುಟ್ಟಿನದೆಂಬ ಖ್ಯಾತಿ ನಮ್ಮ ಹುಡುಗರಲ್ಲಿದೆ. ಆದರೆ ಅದರ ಸಾಧಾರಣ ಸಂಭಾಷಣೆಗೆ ತುದಿಯಿಂದ ತುದಿಯವರೆಗಿನ ಬೀಗ ಇಲ್ಲ. 'ರಹಸ್ಯ ಸಂಭಾಷಣೆ' ಎಂಬುದನ್ನು ನಾವೇ ಆಯ್ದು ಆರಂಭಿಸಿದರೆ ಮಾತ್ರ ಉಂಟು, ಗುಂಪುಗಳಿಗಂತೂ ಇಲ್ಲವೇ ಇಲ್ಲ. ಖ್ಯಾತಿಯನ್ನು ನಂಬಿ ಮೋಸಹೋಗುವುದು ಹೇಗೆಂಬುದಕ್ಕೆ ಇನ್ನೂ ಕೆಟ್ಟ ಉದಾಹರಣೆ ಕೊಲ್ಲಿ ರಾಷ್ಟ್ರದ್ದು. ನಮ್ಮಲ್ಲನೇಕರ ಬಂಧುಗಳು ದುಬೈ, ಅಬುಧಾಬಿಗಳಲ್ಲಿದ್ದಾರೆ. ವಾಟ್ಸ್‌ಆಪ್ ಮೂಲಕ ಧ್ವನಿ ಕರೆ ಮಾಡಲು ಅಲ್ಲಿ ನಿರ್ಬಂಧವಿದ್ದಾಗ ಟೊಟಾಕ್ ಎಂಬ ಹೊಸ ತಂತ್ರಾಂಶ ಕಾಣಿಸಿಕೊಂಡಿತು. ಅದರಲ್ಲಿ ಕರೆಗಳು ಸಲೀಸಾಗಿ ಸಿಗುತ್ತಿದ್ದವು, ಕಾಸೂ ಖರ್ಚಿರಲಿಲ್ಲ. ಅದು ಆ ದೇಶದ ಸರಕಾರದ ಬೇಹುಗಾರಿಕೆಯ ಸಾಧನವೆಂದು 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಸಂಸ್ಥೆಯವರು ಅಲ್ಲಗಳೆದರು, ಆಪಲ್, ಗೂಗಲ್ ಎರಡೂ ಅದನ್ನು ತಮ್ಮ ಅಂಗಡಿಗಳಿಂದ ತೆಗೆದುಹಾಕಿದವು.

ಇಷ್ಟು ಹೇಳಿ, ಸಿಗ್ನಲ್ ಇಳಿಸಿಕೊಳ್ಳಿ, ನಿಶ್ಚಿಂತೆಯಿಂದಿರಿ ಎಂದು ನಾನು ಕುಳಿತುಕೊಳ್ಳಬಹುದಾಗಿತ್ತು. ಕೆಲವು ವರ್ಷಗಳ ಹಿಂದೆ ಹಾಗೆಯೇ ಮಾಡುತ್ತಿದ್ದೆ ಕೂಡ.

ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಕಥೆ ನಿಮಗೆ ತಿಳಿದದ್ದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ಆ ಕಥೆಯನ್ನು ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು. ಅದರಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿಬಿಡುತ್ತದೆ. ರಾಕ್ಷಸನ ಆಪ್ತನಿಂದಲೇ ಒಂದು ಪತ್ರವನ್ನು ಬರೆಯಿಸಿ, ಅದಕ್ಕೆ ಆ ಮುದ್ರೆಯನ್ನೊತ್ತಿ, ಸಿಕ್ಕಬೇಕಾದವರಿಗೆ ಸಿಕ್ಕುವಂತೆ ಚಾಣಕ್ಯ ಮಾಡುತ್ತಾನೆ. ಅಕ್ಷರ ನಿಜ, ಮುದ್ರೆ ನಿಜ, ಅರಗು ಒಡೆದಿಲ್ಲ. ಉಂಗುರ ಮಾತ್ರ ಯಾರ ಬೆರಳಿನಲ್ಲಿರಬೇಕೋ ಅವರ ಬೆರಳಿನಲ್ಲಿಲ್ಲ. ಮುದ್ರೆಯ ವಿಷಯದಲ್ಲಿ ತಪ್ಪು ನಡೆಯುವುದು ದಾರಿಯಲ್ಲಲ್ಲ, ಮನೆಯಲ್ಲಿ. 2025ರ ಮಾರ್ಚಿನಲ್ಲಿ ಈ ದೇಶದ ಉನ್ನತಾಧಿಕಾರಿಗಳು ಯೆಮೆನ್ ಮೇಲಿನ ದಾಳಿಯ ವಿಷಯವನ್ನು ಸಿಗ್ನಲ್ ಗುಂಪಿನಲ್ಲಿ ಚರ್ಚಿಸುತ್ತಿದ್ದರಷ್ಟೆ. ಬೀಗ ಭದ್ರವಾಗಿಯೇ ಇತ್ತು. ಅಟ್ಲಾಂಟಿಕ್ ಪತ್ರಿಕೆಯ ಸಂಪಾದಕರನ್ನು ಗುಂಪಿಗೆ ಸೇರಿಸಿಕೊಂಡಿದ್ದವರು ಅಧಿಕಾರಿಗಳೇ! ನಕ್ಕುಬಿಡುವ ಮುನ್ನ ನಮ್ಮ ಕುಟುಂಬದ ಗುಂಪುಗಳನ್ನು ನೆನೆಯೋಣ. ನನ್ನ ಓರಗಿತ್ತಿ ತನ್ನ ಬಯಾಪ್ಸಿ ವರದಿಯನ್ನು ವೈದ್ಯೆಯಾದ ಮಗಳಿಗೆ ಕಳುಹಿಸಲು ಹೋಗಿ, ಅರವತ್ತಮೂರು ಮಂದಿಯಿರುವ ಮನೆತನದ ಗುಂಪಿಗೆ ಕಳುಹಿಸಿದಳು. ಅಳಿಸಿಹಾಕುವಷ್ಟರಲ್ಲಿ ಶಿವಮೊಗ್ಗದಿಂದ ಸಾಂತ್ವನದ ಕರೆ ಬಂದಾಗಿತ್ತು.

ಇನ್ನು, ಬರಲು ಒಪ್ಪಿದ ಆ ಎರಡನೆಯ ಕಾರಣ. ಕೆಲವು ವರ್ಷಗಳ ಕೆಳಗೆ ನಮ್ಮ ಊರಿನ ದೇವಸ್ಥಾನದಲ್ಲಿ ಒಬ್ಬ ಹುಡುಗಿಯ ಪರಿಚಯವಾಯಿತು. ಗಂಡನ ವೀಸಾದ ಮೇಲೆ ಬಂದವಳು, ಕೆಲಸಕ್ಕೆ ಹೋಗುವ ಅನುಮತಿಯಿರಲಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಪ್ರಸಾದದ ಸಾಲಿನಲ್ಲಿ ನಿಂತಾಗ ಅವಳು ಮೆಲ್ಲನೆ, "ಆಂಟೀ, ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕು, ಮನೆಯಿಂದ ಆಗಲ್ಲ" ಎಂದಳು. ಮಣಿಕಟ್ಟಿನ ಮೇಲಿನ ಕಲೆಯನ್ನು ನಾನು ನೋಡಿದೆನೆಂದು ಅವಳಿಗೂ ತಿಳಿಯಿತು. ನಾನು ನನ್ನ ವಿದ್ಯೆಯ ಹೆಮ್ಮೆಯಿಂದ, "ವಾಟ್ಸ್‌ಆಪಿನಲ್ಲಿ ಬರಿಯಮ್ಮ, ಅದನ್ನು ಯಾರೂ ಓದೋಕಾಗಲ್ಲ, ನಾನು ಹೇಳ್ತೀನಲ್ಲ" ಎಂದೆ.

ಅವಳು ಬರೆದಳು. ನಾನು ಉತ್ತರಿಸಿದೆ. ದಾವಣಗೆರೆಯಲ್ಲಿದ್ದ ಅಕ್ಕನಿಗೂ ಬರೆದಳು. ಯಾವ ದಿನ ಮನೆ ಬಿಡಬೇಕು, ಯಾವ ಕಾಗದಗಳನ್ನು ತೆಗೆದುಕೊಳ್ಳಬೇಕು ಎಂಬುದೆಲ್ಲ ಹದಿನೈದು ದಿನಗಳಲ್ಲಿ ನಿರ್ಧಾರವಾಯಿತು. ಹೊರಡಬೇಕಾಗಿದ್ದ ಹಿಂದಿನ ರಾತ್ರಿ ಅವಳ ಪಾಸ್‌ಪೋರ್ಟ್ ಕಪಾಟಿನಲ್ಲಿ ಇರಲಿಲ್ಲ. ಆ ರಾತ್ರಿ ಮತ್ತೇನೇನು ನಡೆಯಿತೆಂಬುದನ್ನು ನಾನಿಲ್ಲಿ ಹೇಳಲಾರೆ. ಆತ ಯಾವ ಗೂಢಲಿಪಿಯನ್ನೂ ಭೇದಿಸಿರಲಿಲ್ಲ. ಅವಳು ಸ್ನಾನಕ್ಕೆ ಹೋಗಿದ್ದಾಗ ಅವಳ ಮೊಬೈಲಿನಲ್ಲಿ ಲಿಂಕ್ಡ್ ಡಿವೈಸಸ್ ಎಂಬುದನ್ನು ತೆರೆದು, ತನ್ನ ಲ್ಯಾಪ್‌ಟಾಪಿನ ಪರದೆಯ ಮೇಲಿನ ಚೌಕಾಕಾರದ ಗುರುತನ್ನು ಅದಕ್ಕೆ ತೋರಿಸಿದ್ದ. ಅರ್ಧ ನಿಮಿಷದ ಕೆಲಸ. ಅಂದಿನಿಂದ ಅವಳ ಪ್ರತಿಯೊಂದು ಸಂದೇಶವೂ ನನಗೆ ತಲುಪಿದಂತೆಯೇ ಅವನ ಪರದೆಗೂ ತಲುಪುತ್ತಿತ್ತು. ಬೀಗ ಸರಿಯಾಗಿಯೇ ಕೆಲಸ ಮಾಡಿತ್ತು. ಬೀಗದ ಕೈಯ ಎರಡನೆಯ ಪ್ರತಿ ಅವನ ಜೇಬಿನಲ್ಲಿತ್ತು. ತಂತಿಯ ವಿಷಯ ಎಲ್ಲ ತಿಳಿದಿದ್ದ ನಾನು ಮನೆಯ ವಿಷಯ ಒಂದು ಮಾತು ಕೇಳಲಿಲ್ಲ: ನಿನ್ನ ಮೊಬೈಲನ್ನು ಮತ್ತಾರಾದರೂ ಮುಟ್ಟುತ್ತಾರೆಯೇ, ಅದರ ಗುಪ್ತಸಂಖ್ಯೆ ಯಾರಿಗೆ ಗೊತ್ತು, ಅದನ್ನು ಕೊಡಿಸಿ ಸಿದ್ಧಪಡಿಸಿದವರು ಯಾರು?

ಏಳು ತಿಂಗಳ ಮೇಲೆ ಅವಳು ಹೊರಬಂದಳು. ಆಗ ಬಳಸಿದ್ದು ಯಾವ ತಂತ್ರಾಂಶವನ್ನೂ ಅಲ್ಲ. ಊರಿನ ಗ್ರಂಥಾಲಯದ ದೂರವಾಣಿಯಿಂದ ರಾಷ್ಟ್ರೀಯ ಕೌಟುಂಬಿಕ ಹಿಂಸೆಯ ಸಹಾಯವಾಣಿಗೆ ಕರೆ ಮಾಡಿದಳು. ಅದರ ಸಂಖ್ಯೆ 1-800-799-7233. ಹಗಲು ರಾತ್ರಿ ಎನ್ನದೆ ಉತ್ತರಿಸುತ್ತಾರೆ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಆರಂಭವಾದ ಮಾನವಿ, ಕ್ಯಾಲಿಫೋರ್ನಿಯದಲ್ಲಿ 1991ರಲ್ಲಿ ಹುಟ್ಟಿದ ಮೈತ್ರಿ, ಇವು ದಕ್ಷಿಣ ಏಷ್ಯದ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದ ಸಂಸ್ಥೆಗಳು. ಸಂಪಾದಕರು ಈ ಸಂಖ್ಯೆಯನ್ನು ತಪ್ಪಿಲ್ಲದಂತೆ ಅಚ್ಚುಮಾಡಬೇಕೆಂದು ಕೋರುತ್ತೇನೆ.

ಇಂಥ ಮಾತನ್ನು ಹಬ್ಬದ ವೇದಿಕೆಯಿಂದ ಆಡಬೇಕಿತ್ತೇ ಎಂದು ಕೆಲವರಿಗೆ ಅನ್ನಿಸುತ್ತಿರಬಹುದು. ಗುಟ್ಟು ಬೇಕೆನ್ನುವವರೆಲ್ಲ ಏನನ್ನೋ ಮುಚ್ಚಿಡುವವರು, ಬಹುಶಃ ಹಾದರವನ್ನು, ಎಂಬ ಭಾವನೆಯೂ ನಮ್ಮಲ್ಲಿದೆ. ಅಂಥವರೂ ಇದ್ದಾರೆ. ಒಬ್ಬ ಮಹನೀಯರು "ಮನೆಯವಳಿಗೆ ಕಾಣದ ಹಾಗೆ ಮೆಸೇಜು ಮಾಡೋಕೆ ಯಾವುದು ಒಳ್ಳೇದು?" ಎಂದು ನನ್ನನ್ನೇ ಕೇಳಿದ್ದುಂಟು. ಬೀಗ ಒಳಗಿಟ್ಟದ್ದು ಚಿನ್ನವೋ ಕಳವಿನ ಮಾಲೋ ಎಂದು ಕೇಳುವುದಿಲ್ಲ. ಇದರ ಘೋರ ರೂಪವನ್ನೂ ನಾವು ಕಂಡಿದ್ದೇವೆ. 2018ರ ಜುಲೈಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆಪಿನಲ್ಲಿ ಹಬ್ಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರೊಬ್ಬರನ್ನು ಜನರ ಗುಂಪು ಹೊಡೆದು ಕೊಂದಿತು. ಸಂದೇಶವನ್ನು ಮೊದಲು ಹುಟ್ಟುಹಾಕಿದವರನ್ನು ಪತ್ತೆಮಾಡುವಂತಿರಬೇಕೆಂದು ಭಾರತ ಸರಕಾರ 2021ರಲ್ಲಿ ನಿಯಮ ತಂದದ್ದರ ಹಿಂದೆ ಇಂಥ ಸಾವುಗಳ ನೆನಪೂ ಇತ್ತು. ವಾಟ್ಸ್‌ಆಪ್ ಅದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಆದರೆ ಒಬ್ಬ ದುಷ್ಟನಿಗಾಗಿ ಎಲ್ಲರ ಬೀಗಕ್ಕೂ ಎರಡನೆಯ ಕೈ ಮಾಡಿಸಿಟ್ಟರೆ, ಅದು ಸರಕಾರದ ಕಪಾಟಿನಲ್ಲೇ ಉಳಿಯುತ್ತದೆಂದು ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಯಾರೂ ನಂಬಲಾರರು. ಖಾಸಗಿ ಬದುಕು ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರಲ್ಲ, ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ರಾಜ್ಯೋತ್ಸವದಲ್ಲಿ ಸ್ಮರಿಸಲು ಅದೂ ಒಂದು ಹೆಸರು.

ಇನ್ನು ಮನೆಗೆ ಹೋಗಿ ನೋಡಬೇಕಾದ ಕೆಲವು ಸಂಗತಿಗಳು. ವಾಟ್ಸ್‌ಆಪಿನಲ್ಲಾಗಲಿ ಸಿಗ್ನಲ್‌ನಲ್ಲಾಗಲಿ ಲಿಂಕ್ಡ್ ಡಿವೈಸಸ್ ಎಂಬ ಪಟ್ಟಿಯನ್ನು ತೆರೆಯಿರಿ; ನೀವು ಗುರುತಿಸಲಾರದ ಯಂತ್ರವೇನಾದರೂ ಅಲ್ಲಿದೆಯೇ ನೋಡಿ. ನಿಮ್ಮ ಸಂದೇಶಗಳ ಪ್ರತಿ ಗೂಗಲ್ ಅಥವಾ ಆಪಲ್ ಉಗ್ರಾಣಕ್ಕೆ ಹೋಗುತ್ತಿದ್ದರೆ, ಆ ಪ್ರತಿಗೆ ಬೀಗ ತಾನಾಗಿಯೇ ಬೀಳುವುದಿಲ್ಲ. ವಾಟ್ಸ್‌ಆಪ್ 2021ರಿಂದ ಆ ಸೌಲಭ್ಯ ಕೊಟ್ಟಿದೆ, ಆದರೆ ನಾವೇ ಆಯ್ದುಕೊಳ್ಳಬೇಕು. ಊಟದ ಮೇಜಿನ ಮೇಲಿಟ್ಟ ಮೊಬೈಲಿನ ಮುಖದ ಮೇಲೆ ಸಂದೇಶದ ಮೊದಲ ಸಾಲು ಮಿಂಚುತ್ತದೆ, ಅದನ್ನು ನಿಲ್ಲಿಸಬಹುದು. ತಾನಾಗಿ ಅಳಿದುಹೋಗುವ ಸಂದೇಶಗಳು ಉಪಯುಕ್ತವೇ, ಆದರೆ ಎದುರಿನವರು ಅದರ ಚಿತ್ರ ತೆಗೆದಿಟ್ಟುಕೊಂಡರೆ ಯಾವುದೂ ಅಳಿಯುವುದಿಲ್ಲ. ಹಾಗೆ ಮಾಯವಾಗುವುದೆಂಬ ಭರವಸೆ ನಿಜವಾಗಿರಲಿಲ್ಲವೆಂದು ಸ್ನ್ಯಾಪ್‌ಚಾಟ್ ಮೇಲೆ ಇಲ್ಲಿಯ ವಾಣಿಜ್ಯ ಆಯೋಗ 2014ರಲ್ಲಿಯೇ ಆರೋಪ ಹೊರಿಸಿತ್ತು. ನಿಮ್ಮ ಹದಿಹರೆಯದ ಮಕ್ಕಳಿಗೆ ಇದನ್ನು ಹೇಳಿ. ಸಿಗ್ನಲ್ ಸೇರಲು ದೂರವಾಣಿ ಸಂಖ್ಯೆ ಬೇಕು, ಆದರೆ 2024ರಿಂದ ಅದನ್ನು ಬಚ್ಚಿಟ್ಟು ಬೇರೊಂದು ಹೆಸರಿನಿಂದ ವ್ಯವಹರಿಸಬಹುದು. ಊರಿನಲ್ಲಿರುವ ತಂದೆತಾಯಿಯರ ಬ್ಯಾಂಕಿನ ವಿವರವೋ ಔಷಧಿಯ ವಿವರವೋ ಆದರೆ ಮನೆತನದ ಗುಂಪನ್ನು ಬಿಟ್ಟು ಅವರಿಗೊಬ್ಬರಿಗೇ ಬರೆಯಿರಿ, ಅವರ ಮೊಬೈಲು ರೀಚಾರ್ಜಿಗೆಂದು ಯಾರ ಯಾರ ಕೈಗೆ ಹೋಗುತ್ತದೆಂದೂ ಕೇಳಿ.

ಒಂದು ಮಾತ್ರ ಬೇರೆಯಾಗಿ ಹೇಳಬೇಕು. ನಿಮ್ಮ ಮೊಬೈಲಿನ ಪಟ್ಟಿಯಲ್ಲಿ ಅಪರಿಚಿತ ಯಂತ್ರ ಕಂಡರೆ, ಅದು ಮನೆಯಲ್ಲಿ ನೀವು ಹೆದರುವ ವ್ಯಕ್ತಿಯದೆಂಬ ಸಂಶಯವಿದ್ದರೆ, ಕೂಡಲೆ ಅದನ್ನು ತೆಗೆದುಹಾಕಬೇಡಿ. ತೆಗೆದ ಕ್ಷಣವೇ ಆ ಕಡೆಯವರಿಗೆ ತಿಳಿಯುತ್ತದೆ. ಮೊದಲು ಬೇರೆಯವರ ದೂರವಾಣಿಯಿಂದ ಸಹಾಯವಾಣಿಗೆ ಮಾತನಾಡಿ, ಅನಂತರ ಮುಂದಿನ ಹೆಜ್ಜೆಯಿಡಿ.

ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ, ಪುಸ್ತಕದ ಮೇಜಿನ ಪಕ್ಕದಲ್ಲಿ, ಊಟ ಮುಗಿಯುವವರೆಗೂ ನಾನು ಇರುತ್ತೇನೆ. ಮೊಬೈಲು ತಂದರೆ ಪಟ್ಟಿಯನ್ನು ಹೇಗೆ ನೋಡಬೇಕೆಂದು ತೋರಿಸಿಕೊಡುತ್ತೇನೆ. ದಂಪತಿಗಳು ಜೊತೆಯಾಗಿ ಬಂದರೂ ನಾನು ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೋರಿಸುವುದು ವಾಡಿಕೆ. ಯಾರೂ ತಪ್ಪು ತಿಳಿಯಬಾರದು.